ಕಣ್ಣೆರಡು ಬಿಟ್ಟು

೧೯೬೭ರ ಮಾರ್ಚ್‌ನಲ್ಲಿ, ಪಶ್ಚಿಮ ಜರ್ಮನಿಯ ಒಂದು ಜಿಮ್ನಾಸ್ಟಿಕ್ಸ್ ತರಬೇತಿ ಶಾಲೆಯಲ್ಲಿ, ಹೈಕೆ ಬ್ರಾಂಟ್ ಎಂಬ ಹದಿಮೂರು ವರ್ಷದ ಹುಡುಗಿಯ ಎಡಗೈ ಮಣಿಕಟ್ಟು ಮುರಿಯಿತು. ಕೋಚ್ ಅದಕ್ಕೆ ಬಿಗಿಯಾಗಿ ಪಟ್ಟಿ ಸುತ್ತಿ ಅವಳನ್ನು ಮತ್ತೆ ಬೀಮ್ ಹತ್ತಿಸಿದ. ಹನ್ನೊಂದು ದಿನ ಹಾಗೆಯೇ ಹತ್ತಿಸಿದ.

ಬೀಮ್ ಎಂದರೆ ಎದೆಯೆತ್ತರದ, ನಾಲ್ಕಂಗುಲ ಅಗಲದ ಮರದ ತೊಲೆ. ಅದರ ಮೇಲೆ ಹುಡುಗಿಯರು ಹಾರಬೇಕು, ಹಿಮ್ಮುಖವಾಗಿ ಪಲ್ಟಿ ಹೊಡೆಯಬೇಕು, ಕೆಳಗೆ ಕೂತವರಿಗೆ ನಗುತ್ತಿರುವಂತೆ ಕಾಣಬೇಕು. ಹೈಕೆ ನಕ್ಕಳು. ಹದಿನಾಲ್ಕಕ್ಕೆ ರಾಷ್ಟ್ರೀಯ ತಂಡ ಸೇರಿದಳು. ಕಾಲು ನೆಲ ಮುಟ್ಟುವಷ್ಟು ಅಗಲವಾಗಲಿಲ್ಲವೆಂದು ಕೋಚ್ ಅವಳ ತೊಡೆಯ ಮೇಲೆ ನಿಂತ. ತೊಂಬತ್ತು ಕಿಲೊ ತೂಗುತ್ತಿದ್ದ. ಹದಿನಾರಕ್ಕೆ ಪದಕ. ಅದನ್ನು ಹಾಕಿಸಿಕೊಳ್ಳಲು ಅವಳು ಕತ್ತು ಬಗ್ಗಿಸಲಿಲ್ಲ. ಪತ್ರಿಕೆಗಳು ಗತ್ತು ಎಂದು ಬರೆದವು. ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಹದಿನೇಳಕ್ಕೆ ಎತ್ತರದಲ್ಲಿ ಜೋತಾಡುವ ಬಾರ್‌ನಿಂದ ಬಿದ್ದಳು. ಆಸ್ಪತ್ರೆಗೆ ಬಂದ ಕೋಚ್ “ಯಾವಾಗ ಏಳ್ತೀಯ?” ಎಂದು ಮಾತ್ರ ಕೇಳಿದ. ಇನ್ನು ಆಡುವಂತಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಅವನು ಬರಲಿಲ್ಲ. ಅಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಆಗುವುದಿಲ್ಲ ಎಂದಿರಲಿಲ್ಲ.

೧೯೭೬ರಲ್ಲಿ ಅವಳು ಅಮೆರಿಕದ ಪಿಸ್ಕಾಟವೇ ಊರಿನಲ್ಲಿದ್ದಳು. ಹಳೆಯ ಗೋದಾಮಿನಲ್ಲಿ ಟೋನಿ ನಡೆಸುತ್ತಿದ್ದ ಜಿಮ್‌ನ ಕೋಚ್. ಗ್ರೀನ್ ಕಾರ್ಡಿನ ಅರ್ಜಿಗೆ ಸಹಿ ಮಾಡಬೇಕಾದವನು ಟೋನಿ. ಅದನ್ನು ದಿನಕ್ಕೊಮ್ಮೆ ನೆನಪಿಸುತ್ತಿದ್ದ. ಆ ಬೇಸಿಗೆಯ ಒಲಿಂಪಿಕ್ಸನ್ನು ಟಿವಿಯಲ್ಲಿ ನೋಡಿದ ತಂದೆತಾಯಿಗಳು ಮಕ್ಕಳನ್ನು ತಂದು ಜಿಮ್‌ಗೆ ಸುರಿದರು. ಹಾಗೆ ಬಂದವಳು ಒಂಬತ್ತು ವರ್ಷದ ರೇಣು.

ರೇಣುವಿನ ಅಪ್ಪ ಕೇಶವಮೂರ್ತಿ, ಮೈಸೂರಿನವರು, ಟೆಲಿಫೋನ್ ಕಂಪನಿಯಲ್ಲಿ ಇಂಜಿನಿಯರು. ಅಮ್ಮ ಕೌಸಲ್ಯಾ ಸ್ಟೀಲ್ ತಟ್ಟೆಯಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಸಿಗದ ವೀಳ್ಯದೆಲೆಯ ಜಾಗಕ್ಕೆ ಪಾಲಕ್ ಎಲೆ ಇಟ್ಟು ತಂದಿದ್ದರು. ರೇಣುವಿನ ಕೈಯಲ್ಲಿ ಕೋಚ್‌ಗೆ ನಮಸ್ಕಾರ ಮಾಡಿಸಿದರು.

“ಮೇಡಂ, ನಮ್ಮ ಕಡೆ ಮೇಷ್ಟ್ರಿಗೆ ಮಗೂನ ಒಪ್ಪಿಸೋವಾಗ ಒಂದು ಮಾತು ಹೇಳ್ತೀವಿ,” ಎಂದು ಕೇಶವಮೂರ್ತಿ ನಗುತ್ತ ಇಂಗ್ಲಿಷಿನಲ್ಲಿ ವಿವರಿಸಿದರು. “ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ನಿಮ್ಮದು. ಚರ್ಮ ಸುಲಿದ್ರೂ ನಾವು ಕೇಳೋಲ್ಲ.”

ಅದು ಬರೀ ಬಾಯಿಮಾತು ಎಂದು ನಾವು ಹೇಳಿಕೊಳ್ಳುತ್ತೇವೆ. ಏಟು ತಿಂದ ಬೆನ್ನುಗಳನ್ನು ಕೇಳಿ ನೋಡಿದವರಿಲ್ಲ. ಹೈಕೆಗೆ ಬಾಯಿಮಾತೆಂದು ಹೇಳುವವರೂ ಇರಲಿಲ್ಲ. ಅವಳನ್ನು ಒಪ್ಪಿಸಿದ ದಿನ ಅವಳ ಅಮ್ಮನೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಳು.

ಹೈಕೆ ತನಗೆ ಕಲಿಸಿದಂತೆಯೇ ಕಲಿಸಿದಳು. ಹಿಮ್ಮಡಿ ತಪ್ಪಿದರೆ ಮರದ ಪಟ್ಟಿಯಿಂದ ಏಟು. ಕಾಲು ಅಗಲವಾಗದಿದ್ದರೆ ತೊಡೆಯ ಮೇಲೆ ಮೊಣಕಾಲೂರಿ ಒತ್ತು. ರೇಣು ಚಾಪೆಯನ್ನು ಕಚ್ಚಿಕೊಂಡು ಒತ್ತಿಸಿಕೊಂಡಳು.

ಒಂದು ಭಾನುವಾರ ಎಣ್ಣೆ ಹಚ್ಚುವಾಗ ಕೌಸಲ್ಯಾ ಗಂಡನನ್ನು ಕೂಗಿದರು. “ರೀ, ಬಂದು ನೋಡಿ ಇಲ್ಲಿ. ಗೊಜ್ಜಿಗೆ ಸುಟ್ಟ ಬದನೆಕಾಯಿ ಹಾಗಿದೆ ತೊಡೆ.”

“ಚೆನ್ನಾಗಿ ಪ್ರಾಕ್ಟೀಸ್ ಮಾಡ್ತಿದಾಳೆ ಅಂತ ಅರ್ಥ ಕಣೇ.”

“ನಿಮ್ಮ ತೊಡೆ ಕೊಡಿ, ನಾನೂ ಪ್ರಾಕ್ಟೀಸ್ ಮಾಡಿಸ್ತೀನಿ.”

“ಐ ಆ್ಯಮ್ ಫೈನ್, ಅಮ್ಮ,” ಎಂದಳು ರೇಣು.

ಜನವರಿಯಲ್ಲಿ ಟೋನಿಯ ಜಿಮ್‌ನಲ್ಲೇ ಸ್ಪರ್ಧೆ. ಬೀಮ್ ಮೇಲೆ ಮೊದಲ ಸರದಿಯಲ್ಲಿ ರೇಣು ಎಲ್ಲರಿಗಿಂತ ಮುಂದಿದ್ದಳು. ಎರಡನೆಯದಕ್ಕೆ ಮುಂಚೆ ಪಲ್ಟಿಯ ಅಭ್ಯಾಸ ಮಾಡುವಾಗ ಜಾರಿ ಎಡಗೈ ಮೇಲೆ ಬಿದ್ದಳು. ಒಣಕಡ್ಡಿ ಮುರಿದಂತೆ ಸದ್ದಾಯಿತು. ಆ ಸದ್ದಿನ ಗುರುತು ಅಲ್ಲಿ ಹೈಕೆಗೊಬ್ಬಳಿಗೇ ಇತ್ತು.

ಟೋನಿ ಪಟ್ಟಿಯ ಸುರುಳಿಯನ್ನು ಅವಳ ಎದೆಗೆ ಎಸೆದ. “ಬಿಗಿಯಾಗಿ ಸುತ್ತು. ಹತ್ತಿಸು. ಪೇಪರಿನವರು ಬಂದಿದಾರೆ.”

ಕೇಶವಮೂರ್ತಿ ಓಡಿ ಬಂದರು. “ಹತ್ತಿಸಿ ಮೇಡಂ. ಇನ್ನೊಂದೇ ಟರ್ನ್. ನಾನು ಅವತ್ತೇ ಹೇಳಿದ್ನಲ್ಲ, ಕಣ್ಣೆರಡು ಬಿಟ್ಟು—”

“ನಿಮ್ಮ ಬಾಯಿಗಿಷ್ಟು,” ಎಂದರು ಹಿಂದೆಯೇ ಬಂದ ಕೌಸಲ್ಯಾ.

ರೇಣುವಿನ ತುಟಿ ಬೆಳ್ಳಗಾಗಿತ್ತು. ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು. “ಐ ಆ್ಯಮ್ ಫೈನ್, ಕೋಚ್.” ಮತ್ತು ನಕ್ಕಳು. ಹೈಕೆ ನೋಡಿದಳು. ಆ ನಗುವನ್ನು ಆ ಮುಖಕ್ಕೆ ಹೊಲಿದವಳು ತಾನೇ.

ಟೋನಿ ಮಗುವಿನ ಕಂಕುಳಿಗೆ ಕೈಹಾಕಿ ಎತ್ತಲು ಹೋದ. ಹೈಕೆ ಅವನ ಬೆರಳುಗಳನ್ನು ಒಂದೊಂದಾಗಿ ಕಿತ್ತಳು. ಬಿಡದ ಹೆಬ್ಬೆರಳನ್ನು ಹಿಂದಕ್ಕೆ ತಿರುಚಿದಳು. ಅವನು ಚೀರಿ ಅವಳ ಕೆನ್ನೆಗೆ ಬಾರಿಸಿದ. ಹಲ್ಲಿನ ಸಂದಿಯಿಂದ ರಕ್ತ ಬಂತು.

“ನಿನ್ನ ಅರ್ಜಿ ನಾಳೆ ಕಸದ ಬುಟ್ಟೀಲಿರತ್ತೆ,” ಎಂದ. “ಕೊನೇ ಸಲ ಹೇಳ್ತಿದೀನಿ. ಸುತ್ತು.”

ಹೈಕೆ ಬಾಯಿ ಒರೆಸಿಕೊಂಡಳು. ಸುರುಳಿಯನ್ನು ಅವನ ಕಾಲ ಬಳಿ ಹಾಕಿ, ಬೀಮ್‌ಗೆ ಬೆನ್ನು ಕೊಟ್ಟು, ಮಗುವಿಗೂ ಅವನಿಗೂ ನಡುವೆ ನಿಂತಳು.

“ಸುತ್ತೋಲ್ಲ,” ಎಂದಳು. “ಹತ್ತಿಸೋಲ್ಲ.”