ಆಯನೂರಿನ ಹೊಲದ ನಿಯೋಡಿಮಿಯಂ

ರಾತ್ರಿ ಒಂಬತ್ತೂವರೆಗೆ ‘ಟಿಕ್’ ಎಂದು ಸದ್ದಾಯಿತು. ಭದ್ರಾವತಿಯ ನಮ್ಮ ಅದಿರು ಪರೀಕ್ಷೆಯ ಲ್ಯಾಬಿನಲ್ಲಿ ನಾನೊಬ್ಬಳೇ ಭೂತಕನ್ನಡಿ ಹಿಡಿದು ಒಂದು ಕಪ್ಪು ಕಲ್ಲಿನ ಮೇಲೆ ಬಗ್ಗಿದ್ದೆ. ತಕ್ಷಣ ಎದ್ದು ಗ್ಯಾಸ್ ನೋಡಿದೆ, ನಲ್ಲಿ ನೋಡಿದೆ, ಬಾಗಿಲ ಚಿಲಕವನ್ನು ಎರಡು ಸಲ ನೋಡಿದೆ. ಎಲ್ಲವೂ ಸರಿಯಿತ್ತು. ಧೂಳಿಗೆಂದು ಮಾಸ್ಕ್ ಹಾಕಿಕೊಂಡು ಕಲ್ಲನ್ನು ಪುಡಿ ಮಾಡಿಟ್ಟೆ.

ಶಿವಮೊಗ್ಗದ ಮನೆಗೆ ಬಂದು ಮಾಸ್ಕ್ ತೆಗೆದಾಗ ಮೂಗುತಿ ಇರಲಿಲ್ಲ.

ನನ್ನ ಮೂಗಿನ ತೂತು ಹಾಸ್ಟೆಲ್ಲಿನಲ್ಲಿದ್ದಾಗಲೇ ಮುಚ್ಚಿಹೋಗಿತ್ತು. ಹೆಣ್ಣು ನೋಡಲು ಬಂದ ದಿನ ಒತ್ತುವ ಮೂಗುತಿ ಹಾಕಿಕೊಂಡಿದ್ದೆ: ಹೊರಗೆ ಹರಳು, ಒಳಗೆ ಸಾಸಿವೆಯಷ್ಟು ಮ್ಯಾಗ್ನೆಟ್. ಅತ್ತೆ ಸುಭದ್ರಮ್ಮ ಅದನ್ನೇ ಮೆಚ್ಚಿ, ಈ ಕಾಲದಲ್ಲೂ ಮೂಗು ಚುಚ್ಚಿಸಿಕೊಂಡ ಸೊಸೆ ಸಿಕ್ಕಳೆಂದು ನೆಂಟರಿಗೆಲ್ಲ ಹೇಳಿಕೊಂಡು ಬಂದರು. ನಾಲ್ಕು ವರ್ಷದಿಂದ ನಾನು ಮೂಗು ಹಿಡಿದುಕೊಂಡೇ ಸೀನುತ್ತಿದ್ದೇನೆ. ಆ ರಾತ್ರಿ ನೆಗಡಿಯೆಂದು ಮತ್ತೆ ಮಾಸ್ಕ್ ಹಾಕಿಕೊಂಡೆ. ಅತ್ತೆ ಕೊಟ್ಟ ಎರಡು ಲೋಟ ಮೆಣಸಿನ ಕಷಾಯವನ್ನು ಅದರ ಅಡಿಯಿಂದಲೇ ಕುಡಿದೆ.

ಬೆಳಿಗ್ಗೆ ಕಲ್ಲಿನ ಯಜಮಾನರು ಬಂದು ಯಂತ್ರದ ಪಕ್ಕದಲ್ಲೇ ಕುಳಿತರು. ಅವರು ಅತ್ತೆಯ ಅಣ್ಣ, ಆಯನೂರಿನ ಷಡಕ್ಷರಪ್ಪ. ತಮ್ಮ ಹೊಲದಲ್ಲಿ ಮೊಬೈಲಿನ ದಿಕ್ಸೂಚಿ ಗಿರ್ರನೆ ತಿರುಗಿತೆಂದು ಅಲ್ಲಿಂದ ಎರಡು ಕಲ್ಲು ತಂದುಕೊಟ್ಟಿದ್ದರು. ನಮ್ಮ ಕಡೆಯ ಇಂಥ ಕಬ್ಬಿಣದ ಕಲ್ಲಿನಲ್ಲಿ ಟೈಟಾನಿಯಂ, ಸ್ವಲ್ಪ ವನೇಡಿಯಂ ಇರುವುದುಂಟು. ರಾತ್ರಿಯ ಪುಡಿಯನ್ನು ಯಂತ್ರಕ್ಕೆ ಹಾಕಿದಾಗ ಪರದೆಯ ಮೇಲೆ ಅವು ಬಂದವು. ಜೊತೆಗೆ ನಿಯೋಡಿಮಿಯಂ ಕೂಡ ಬಂತು.

ಅದೇನೆಂದು ಕೇಳಿದರು. ಮೊಬೈಲಿಗೂ ಎಲೆಕ್ಟ್ರಿಕ್ ಸ್ಕೂಟರಿನ ಮೋಟರಿಗೂ ಬೇಕಾದ ಲೋಹ, ಹೆಚ್ಚಿನ ಪಾಲು ಚೀನಾದಿಂದ ಬರುತ್ತದೆ, ಆದರೆ ಒಂದೇ ಪರೀಕ್ಷೆಯನ್ನು ನಂಬಬಾರದು ಎಂದೆ. ಅವರು ಚೀನಾದಲ್ಲೇ ನಿಂತುಬಿಟ್ಟಿದ್ದರು.

“ಹಂಗಾದ್ರೆ ಇನ್ಮೇಲೆ ಚೀನಾದೋರು ಬಂದು ಆಯನೂರಲ್ಲಿ ಕಾಯ್ಬೇಕು ಅನ್ನು.”

ಹೊರಗೆ ಹೋಗಿ ಮೊದಲು ತಂಗಿಗೆ, ಆಮೇಲೆ ಜೆಸಿಬಿಯವನಿಗೆ ಫೋನ್ ಮಾಡಿದರು. ತೆನೆ ಕಟ್ಟಿದ್ದ ಮೆಕ್ಕೆಜೋಳವನ್ನು ಹನ್ನೊಂದು ಗಂಟೆಗೆ ಕಿತ್ತು ಹಾಕಿ ಅಗೆಯಬೇಕಂತೆ.

ನಾನು ತಲೆ ತಗ್ಗಿಸಿದೆ. ಮೇಜಿನ ಕೆಳಗೆ ನನ್ನ ಮೂಗುತಿಯ ಹರಳು ಬಿದ್ದಿತ್ತು. ಮ್ಯಾಗ್ನೆಟ್ ಇರಲಿಲ್ಲ. ಅಂಥ ಪುಟ್ಟ ಮ್ಯಾಗ್ನೆಟ್ಟನ್ನು ನಿಯೋಡಿಮಿಯಂ ಹಾಕಿಯೇ ಮಾಡುತ್ತಾರೆಂದು ಗೊತ್ತಿರಬೇಕಾದವಳು ನಾನೇ. ರಾತ್ರಿ ‘ಟಿಕ್’ ಎಂದದ್ದು ಅದೇ, ಮೂಗಿನಿಂದ ಹಾರಿ ಕಲ್ಲಿಗೆ ಅಂಟಿಕೊಂಡಿತ್ತು. ನಾನು ಎರಡನ್ನೂ ಸೇರಿಸಿ ಅರೆದಿದ್ದೆ.

ಕ್ರಷರನ್ನು ಚೊಕ್ಕ ಮಾಡಿ ಎರಡನೇ ಕಲ್ಲನ್ನು ಪರೀಕ್ಷಿಸಿದೆ. ನಿಯೋಡಿಮಿಯಂ ಸುಳಿವೇ ಇಲ್ಲ. ಷಡಕ್ಷರಪ್ಪ ಮಾವನಿಗೆ ತೋರಿಸಿದರೆ, ಎರಡರಲ್ಲಿ ಒಂದರಲ್ಲಿ ಬಂದಿದೆಯೆಂದರೆ ಅರ್ಧ ಹೊಲದಲ್ಲಂತೂ ಇದೆ ಎಂದು ಲೆಕ್ಕ ಹೇಳಿದರು. ಹತ್ತೂಮುಕ್ಕಾಲು ಆಗಿತ್ತು. ಬೇರೆ ದಾರಿ ಕಾಣದೆ ಮಾಸ್ಕ್ ಕೆಳಗಿಳಿಸಿ, ಹರಳನ್ನು ಅಂಗೈಯಲ್ಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

ಅವರು ಕನ್ನಡಕ ಹಾಕಿಕೊಂಡು ನನ್ನ ಮೂಗನ್ನು ಎರಡೂ ಕಡೆಯಿಂದ ನೋಡಿದರು.

“ತೂತೇ ಇಲ್ವಲ್ಲೇ ಮಾರಾಯ್ತಿ.”

“ಇಲ್ಲ ಮಾವ.”

“ಹೊಲದಲ್ಲೂ ಇಲ್ಲ.”

“ಇಲ್ಲ ಮಾವ.”

ಫೋನ್ ಮಾಡಿ ಜೆಸಿಬಿಯನ್ನು ವಾಪಸ್ ಕಳಿಸಿದರು. ಅಷ್ಟರಲ್ಲಿ ಅತ್ತೆಯ ಫೋನ್ ಬಂತು. ಮಾವ ಅದನ್ನು ಎತ್ತದೆ ನನ್ನ ಕಡೆ ತಿರುಗಿದರು.

“ನಿಜ ಹೇಳಿದ್ರೆ ನಿನ್ನನ್ನ ಒಂದು ತಿಂಗಳು ಬೈತಾಳೆ. ನನ್ನನ್ನ ಸಾಯೋ ತನಕ ಆಡ್ಕೋತಾಳೆ. ನಾನಂತೂ ಯಾರಿಗೂ ಹೇಳಲ್ಲ ಕಣಮ್ಮ.”

ಆಮೇಲೆ ಫೋನ್ ಎತ್ತಿ, ಚೀನಾದವರ ವಿಷಯ ಬಿಟ್ಟು, ತಂಗಿಯ ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸತೊಡಗಿದರು.