ಹೊಸ ಬಸ್ಸಿನ ಚಾವಿ

ರಾಯದುರ್ಗದ ಜೀನ್ಸ್ ಕಾರ್ಖಾನೆಯಲ್ಲಿ ಡ್ರೈವರ್ ಹುಲುಗಪ್ಪನಿಗೆ ಹತ್ತೊಂಬತ್ತು ವರ್ಷದ ಸರ್ವೀಸು. ಹೊಲಿಗೆಯ ಹೆಂಗಸರನ್ನು ಹಳ್ಳಿಗಳಿಂದ ಕರೆತರಲು ಮಾಲೀಕರು ಹೊಸ ಬಸ್ಸು ಕೊಂಡಾಗ, ಅದರ ಚಾವಿ ತನಗಲ್ಲದೆ ಇನ್ಯಾರಿಗೆ ಎಂದು ಅವನು ಮೀಸೆ ತಿರುವಿಕೊಂಡಿದ್ದ. ಆದರೆ ಮಾಲೀಕ ಚಂದ್ರಮೋಹನ್, "ನೀನೂ ಗಂಗೋತ್ರೀನೂ ಒಂದಿನ ಟ್ರೈನಿಂಗಿಗೆ ಹೋಗಿಬರ್ರಿ, ಆಮ್ಯಾಲೆ ನೋಡೋಣು" ಅಂದುಬಿಟ್ಟರು. ಕಾರ್ಖಾನೆಯ ಇನ್ನೊಂದು ಗಾಡಿ ಓಡಿಸುವ ಈ ಗಂಗೋತ್ರಿಗೆ ಎರಡು ವರ್ಷದ ಹಿಂದೆ ಕಣೇಕಲ್ಲು ರಸ್ತೆಯಲ್ಲಿ ಸ್ಟೇರಿಂಗ್ ಹಿಡಿಯಲು ಕಲಿಸಿದವನೇ ಹುಲುಗಪ್ಪ. ಅದನ್ನು ನೆನೆದಷ್ಟೂ ಅವನ ಹೊಟ್ಟೆ ಉರಿಯುತ್ತಿತ್ತು.

ಬಳ್ಳಾರಿ ದಾರಿಯ ಬಯಲಿನಲ್ಲಿ ನೆಲಕ್ಕೆ ನೀರು ಹೊಯ್ದು, ಸಾಲಾಗಿ ಪ್ಲಾಸ್ಟಿಕ್ ಕೋನುಗಳನ್ನು ನಿಲ್ಲಿಸಿದ್ದರು. ತರಬೇತಿ ಕೊಡುವ ಗೋವರ್ಧನ್ ಹೇಳಿದ: "ಹೊಸ ಗಾಡಿ ಬ್ರೇಕು ಒಮ್ಮೆಗೇ ಗಟ್ಟಿ ಒತ್ರಿ, ಬಿಡಬ್ಯಾಡ್ರಿ. ಚಕ್ರ ಜಾರದಂಗ ಗಾಡೀನೇ ನೋಡ್ಕೋತೈತಿ. ನೀವು ಸ್ಟೇರಿಂಗ್ ತಿರುಗಿಸಿ ಪಾರಾಗ್ರಿ."

ಹುಲುಗಪ್ಪನ ಕಾಲು ಕೇಳಬೇಕಲ್ಲ! ಹಳೇ ವ್ಯಾನಿನ ಮುಂದೆ ಕುರಿಹಿಂಡು ನುಗ್ಗಿದಾಗೆಲ್ಲ ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಒಂದು ಮರಿಗೂ ತಾಗದಂತೆ ನಿಲ್ಲಿಸಿದ ಕಾಲು ಅದು. ಮೂರು ಸಲವೂ ಅದನ್ನೇ ಮಾಡಿತು, ಮೂರು ಸಲವೂ ಕೋನುಗಳು ಉರುಳಿದವು. ಗಂಗೋತ್ರಿಗೂ ಅವನು ಕಲಿಸಿದ್ದು ಅದೇ ವಿದ್ಯೆ. ಮಹಾತಾಯಿ ಅದನ್ನು ಒಂದೇ ಬೆಳಗಿನಲ್ಲಿ ಮರೆತು, ಒಂದು ಕೋನನ್ನೂ ಮುಟ್ಟದೆ ತಿರುಗಿಸಿಕೊಂಡು ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಲುಗಪ್ಪ ಬೀಡಿ ಹುಡುಕುವ ನೆಪದಲ್ಲಿ ಎರಡೂ ಕೈಗಳನ್ನು ಜೇಬಿಗೆ ಇಳಿಸಿದ.

ಮರುದಿನ ಮಾಲೀಕರು ಅವನೊಬ್ಬನನ್ನೇ ಒಳಗೆ ಕರೆದರು.

"ಗಂಗೋತ್ರಿ ಹೆಂಗ ಓಡಿಸಿದ್ಲು?"

ತಪ್ಪೆಂದು ಗೊತ್ತಿದ್ದೂ ಅವನ ನಾಲಿಗೆ ಹೊರಳಿತು. "ಏನ್ ಹೇಳ್ಲಿರಿ, ಇದ್ದಬದ್ದ ಕೋನೆಲ್ಲ ಕೆಡವಿದ್ಲು. ಹೆಂಗಸ್ರು ಕುಂದ್ರೋ ಬಸ್ಸು, ಆಕಿ ಕೈಗೆ ಬ್ಯಾಡ್ರಿ."

ಮಾಲೀಕರು ತಲೆಯಾಡಿಸಿದರು. "ಆಕೀನೂ ಹಂಗ ಅಂದ್ಲು. 'ಕೆಡವಿದ್ದೆಲ್ಲ ನಾನು, ಹುಲುಗಪ್ಪಣ್ಣ ಒಂದೂ ಮುಟ್ಟಲಿಲ್ಲ. ನಂಗ ಕಲಿಸಿದೋರು ಅವ್ರು, ಬಸ್ಸು ಅವ್ರಿಗೇ ಕೊಡ್ರಿ' ಅಂತ ಬೆಳಿಗ್ಗೇನ ಬಂದು ಹೇಳಿ ಹೋದ್ಲು. ತಗೋಪಾ."

ಹುಲುಗಪ್ಪ ಚಾವಿ ಹಿಡಿದು ಹೊರಗೆ ಬಂದ. ಗಂಗೋತ್ರಿ ಹೊಸ ಬಸ್ಸಿನ ಗಾಜು ಒರೆಸುತ್ತಿದ್ದಳು.

"ಸಿಕ್ತೇನ್ರಿ ಅಣ್ಣ?"

ಹುಲುಗಪ್ಪ ಚಾವಿಯನ್ನು ಜೇಬಿಗೆ ಇಳಿಸಿದ. ಇದರಲ್ಲೂ ಇವಳೇ ಗೆದ್ದಳಲ್ಲ ಎಂದು ಅವನ ಹೊಟ್ಟೆ ನಿನ್ನೆಗಿಂತ ಹೆಚ್ಚು ಉರಿಯಿತು.