ಇಲ್ಲದ ಬೆರಳುಗಳ ಉರಿ

ಬೆರಳು ಹೋದ ಮೇಲೂ ನರಸಪ್ಪನಿಗೆ ಬೆರಳುಗಳಿದ್ದವು. ಬಲಗೈಯ ಹೆಬ್ಬೆರಳು, ತೋರುಬೆರಳು ಬಿಟ್ಟು ಉಳಿದ ಮೂರನ್ನೂ ಪೀಣ್ಯದಲ್ಲಿ ತಗಡು ಒತ್ತುವ ಪ್ರೆಸ್ಸು ನುಂಗಿ ಆರೇಳು ತಿಂಗಳಾಗಿತ್ತು. ಆದರೆ ಬೆಳಗಿನ ಮಂಜಿನಲ್ಲಿ ರಾಜಗೋಪಾಲನಗರದ ಮನೆಯ ಜಗಲಿಯ ಮೇಲೆ ಕೂತರೆ ಆ ಮೂರೂ ಬೆರಳು ತಮ್ಮಷ್ಟಕ್ಕೆ ಎಲ್ಲೆಲ್ಲೋ ತಿರುಗಾಡಿ ಬರುತ್ತಿದ್ದವು. ಒಮ್ಮೆ ಹಸಿ ಮಣ್ಣು ತಾಕುತ್ತಿತ್ತು, ಒಮ್ಮೆ ರಾಗಿ ಪೈರಿನ ಮೇಲಿನ ಇಬ್ಬನಿ. ಆ ಹೊಲ ಈಗೆಲ್ಲಿ? ಎಪ್ಪತ್ತರ ದಶಕದ ಮೊದಲಲ್ಲೇ ಅದರ ಮೇಲೆ ಕಾರ್ಖಾನೆ ಎದ್ದಿತ್ತು, ಹೊಲ ಕೊಟ್ಟವರ ಮಗನೆಂದು ಅವನಿಗೆ ಅಲ್ಲೇ ಕೆಲಸವನ್ನೂ ಕೊಟ್ಟಿದ್ದರು. ಬೆರಳುಗಳಿಗೆ ಮಾತ್ರ ಈ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಕೆಲವೊಮ್ಮೆ ಅವು ಸುಮ್ಮನೆ ಉರಿಯುತ್ತಿದ್ದವು. ಇಲ್ಲದ ಬೆರಳಿಗೆ ಎಣ್ಣೆ ಹಚ್ಚುವುದಾದರೂ ಹೇಗೆ? "ಮೈಗೆ ಹಳೇ ನೆನಪು ಕಣಯ್ಯ, ನಿಧಾನಕ್ಕೆ ಹೋಗುತ್ತೆ" ಎಂದು ಡಾಕ್ಟರು ಕಳಿಸಿಬಿಟ್ಟಿದ್ದರು.

ತಪ್ಪು ಪ್ರೆಸ್ಸಿನದಲ್ಲ, ಅದನ್ನು ಹೇಳಲೇಬೇಕು. ಎರಡು ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಇಳಿಯುವ ಯಂತ್ರ ಅದು. ಕೈಗಳು ಗುಂಡಿಯ ಮೇಲಿದ್ದರೆ ಯಂತ್ರದ ಕೆಳಗೆ ಸಿಕ್ಕುವುದಿಲ್ಲವಲ್ಲ. ನರಸಪ್ಪನಿಗೆ ಅಷ್ಟು ತಾಳ್ಮೆಯೆಲ್ಲಿ? ಒಂದು ಗುಂಡಿಗೆ ಮರದ ಚಕ್ಕೆ ಸಿಕ್ಕಿಸಿ, ಇನ್ನೊಂದನ್ನು ಒಂದೇ ಕೈಯಲ್ಲಿ ಒತ್ತಿ ಕೆಲಸ ಓಡಿಸುತ್ತಿದ್ದ. ತಗಡು ಸರಿಸುತ್ತಿದ್ದ ಬಲಗೈ ಒಂದು ದಿನ ಕೆಳಗೆ ಸಿಕ್ಕಿತು. ಮನೆಯಲ್ಲೂ ಅದೇ ಅವಸರ. ಮೂಗಿನ ತುದಿಯಲ್ಲೇ ಕೋಪ; ಮುದ್ದೆಯಲ್ಲಿ ಗಂಟು ಸಿಕ್ಕಿದರೆ ಕೈ ಮೊದಲು, ಮಾತು ಆಮೇಲೆ. ಹೆಂಡತಿ ಕೃಷ್ಣಮ್ಮನ ಕೆನ್ನೆಗೆ ಆ ಕೈ ಎಷ್ಟು ಸಲ ಬಿದ್ದಿತ್ತೋ ಅವಳಿಗೇ ಗೊತ್ತು. ಅಂಥವನನ್ನು ಹೊಗಳುವ ಕಥೆಯಲ್ಲ ಇದು.

ಆದರೂ ಆಸ್ಪತ್ರೆಯಲ್ಲಿ ಅವನಿಗೆ ತುತ್ತು ಮಾಡಿ ತಿನ್ನಿಸಿದವಳು ಕೃಷ್ಣಮ್ಮನೇ. ಕನಸಿನಲ್ಲಿ ಕಿರುಚಿ ಎದ್ದಾಗ ಬೆನ್ನು ಸವರಿದವಳೂ ಅವಳೇ. ಗಾಯ ಒಣಗಿ, ಅವನು ಕಾರ್ಖಾನೆಯ ಸಾಮಾನಿನ ಕೋಣೆಯಲ್ಲಿ ಹೊಸ ಕೆಲಸಕ್ಕೆ ಸೇರಿ ಮನೆಗೆ ಬಂದ ಸಂಜೆ, ಅವಳು ಟ್ರಂಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಬಿದ್ದಾಗ ಬಿಟ್ಟೋದ್ಳು ಅನ್ನಿಸ್ಕೋಬಾರ್ದು ಅಂತ ಇದ್ದೆ. ಈಗ ಎದ್ದಿದ್ದೀಯ. ನಾನು ಓಯ್ತೀನಿ" ಎಂದವಳೇ ಬೇಗೂರಿನ ತವರಿಗೆ ಹೊರಟುಹೋದಳು.

ಅವನು ಅಡ್ಡ ನಿಲ್ಲಲಿಲ್ಲ, ಕೂಗಾಡಲೂ ಇಲ್ಲ. ಅದು ಅವನಿಗೇ ಅಚ್ಚರಿ.

ಆಮೇಲಿನ ದಿನಗಳು ನಿದ್ದೆಗಣ್ಣಿನಲ್ಲಿ ನಡೆದ ಹಾಗೆ ಸಾಗಿದವು. ಎಡಗೈಯಲ್ಲಿ ಮುದ್ದೆ ತೊಳಸಲು ಕಲಿತ. ಗಂಟಾಯಿತು, ಉಂಡ, ಮತ್ತೆ ಗಂಟಾಯಿತು, ಮತ್ತೆ ಉಂಡ. ಕೋಲು ತಿರುವುವಾಗ ಇಲ್ಲದ ಬೆರಳಿಗೆ ಬಿಸಿ ಆವಿ ತಾಕುತ್ತಿತ್ತು. ಅವಳು ದಿನಾ ಈ ಆವಿಯಲ್ಲೇ ಬೇಯುತ್ತಿದ್ದಳಲ್ಲ ಎಂದು ನೆನೆಯುತ್ತಿದ್ದ. ಬೀದಿ ನಲ್ಲಿಯಲ್ಲಿ ಯಾರಾದರೂ ನುಗ್ಗಿದರೆ ಜಾಗ ಬಿಡುತ್ತಿದ್ದ. ಪಕ್ಕದ ಮನೆಯ ಮಾರಕ್ಕ ಇದನ್ನೆಲ್ಲ ನೋಡಿಕೊಂಡು ಸುಮ್ಮನಿರುವ ಪೈಕಿಯಲ್ಲ.

"ಅಲ್ಲು ಕಿತ್ತ ಆವು ಕಣಪ್ಪ ನೀನು. ಕೈ ಓದ್ಮೇಲೆ ಎಲ್ರೂ ಒಳ್ಳೇವ್ರೇ" ಎಂದಳು.

ಆ ಮಾತು ನಾಟಿತು. ತಾನು ಬದಲಾದದ್ದು ನಿಜವೋ, ಅಥವಾ ಕೈಲಾಗದೆ ಸುಮ್ಮನಾದದ್ದೋ? ಎಡಗೈಯೇನೋ ಗಟ್ಟಿಯಾಗಿಯೇ ಇತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಕೃಷ್ಣಮ್ಮ ವಾಪಸು ಬಂದರೆ ತಾನು ಬದಲಾದದ್ದು ನಿಜ ಎಂದುಕೊಂಡ. ಅವರೇಕಾಯಿ ಕಾಲದ ಒಂದು ಭಾನುವಾರ, ಅವಳನ್ನು ಕರೆತಂದೇ ತರುತ್ತೇನೆಂದು ಮೊದಲ ಬಸ್ಸು ಹತ್ತಿದ.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಬೇಗೂರು ಸೇರಿದಾಗ ಕೆರೆಯ ಮೇಲೆ ಮಂಜು ಇನ್ನೂ ಮಲಗಿತ್ತು. ಅತ್ತೆ ಭದ್ರಮ್ಮ "ಬನ್ನಿ" ಎಂದಷ್ಟೇ ಹೇಳಿ ಒಳಗೆ ಹೋದಳು, ಕಾಲಿಗೆ ನೀರೂ ಕೊಡಲಿಲ್ಲ. ಆ ಸಿಟ್ಟು ನ್ಯಾಯವೇ. ಕೃಷ್ಣಮ್ಮ ಅಂಗಳದಲ್ಲಿ ಅವರೇಕಾಯಿ ಸುಲಿಯುತ್ತಿದ್ದಳು. ಅವನೂ ಎದುರಿಗೆ ಕೂತು ಸುಲಿಯತೊಡಗಿದ. ಅಂಗಳದ ತುಂಬ ಸೊಗಡಿನ ವಾಸನೆ. ಬಿಸಿಲು ಮಂಜಿನೊಳಗೆ ಹಾಲಿನ ಹಾಗೆ ಬೆರೆಯುತ್ತಿತ್ತು. ಎದ್ದು ಹೋಗೆಂದು ಅವಳು ಹೇಳಲಿಲ್ಲ. ಇದು ಕನಸೇ ಆಗಿದ್ದರೆ ಎಚ್ಚರವಾಗದಿರಲಿ ಎಂದು ನರಸಪ್ಪ ಉಸಿರನ್ನೂ ಮೆಲ್ಲಗೆ ಬಿಟ್ಟ.

ಅವಳ ಕಿವಿಯ ಮೇಲಿನ ಕೂದಲಲ್ಲಿ ಒಣಗಿದ ಎಲೆಯ ಚೂರೊಂದು ಸಿಕ್ಕಿತ್ತು.

"ಕೂದ್ಲಲ್ಲಿ ಏನೋ ಐತೆ" ಎಂದು ಬಲಗೈ ಚಾಚಿದ.

ಕೃಷ್ಣಮ್ಮ ಸರ್ರನೆ ಬಗ್ಗಿ ಮೊಣಕೈಯಿಂದ ಮುಖ ಮುಚ್ಚಿಕೊಂಡಳು. ಮೊರ ಮಗುಚಿ ಕಾಳೆಲ್ಲ ಅಂಗಳದಲ್ಲಿ ಉರುಳಿತು.

ಅವನ ಕೈ ಗಾಳಿಯಲ್ಲೇ ನಿಂತಿತು. ಆ ಗಳಿಗೆಯಲ್ಲಿ ಇಲ್ಲದ ಮೂರೂ ಬೆರಳು ಧಗಧಗ ಉರಿದವು. ಅವನಿಗೆ ಅಳು ಬಂತು.

"ಓದ ಬೆಳ್ಳು ಈಗ್ಲೂ ಉರೀತದೆ ಕಣೇ" ಎಂದ. "ಇಲ್ಲ ಅಂತ ಕಣ್ಣಿಗೆ ಗೊತ್ತು, ಕೈಗೆ ಗೊತ್ತಿಲ್ಲ. ನಾನು ಒಡೆದ ಏಟೂ ಅಂಗೇ ಅಲ್ವಾ? ನಾನು ನಿಲ್ಲಿಸ್ಬಿಟ್ರೆ ನಿಂಗೂ ನಿಂತೋಯ್ತದೆ ಅಂದ್ಕೊಂಡಿದ್ದೆ."

ಅವಳು ಮೊಣಕೈ ಇಳಿಸಿದಳು.

"ಕರ್ಕೊಂಡೋಗಾನ ಅಂತ ಬಂದಿದ್ದೆ. ಈಗ ಕರೆಯಾಕಿಲ್ಲ. ನಿಂಗೆ ಯಾವತ್ತು ಅನ್ಸುತ್ತೋ ಅವತ್ತು ಬಾ. ಅನ್ಸದೇ ಓದ್ರೂ ನಿನ್ ತಪ್ಪಲ್ಲ."

ಚೆಲ್ಲಿದ ಕಾಳನ್ನೆಲ್ಲ ಆರಿಸಿ ಮೊರಕ್ಕೆ ಹಾಕಿದ. ಪಂಚೆ ಕೊಡವಿ ಎದ್ದ.

"ನಿಂತ್ಕೊ" ಎಂದಳು ಕೃಷ್ಣಮ್ಮ. "ಇವತ್ತು ನಾ ಬರಾಕಿಲ್ಲ."

"ಬ್ಯಾಡ."

"ಕೂದ್ಲಲ್ಲಿ ಏನೋ ಐತೆ ಅಂದ್ಯಲ್ಲ. ತೆಗಿ."

ಅವನು ಮೊಣಕಾಲೂರಿ ಎಡಗೈ ಚಾಚಿದ.

"ಅದಲ್ಲ. ಆ ಕೈಯಲ್ಲಿ."

ಉಳಿದೆರಡು ಬೆರಳು ಹತ್ತಿರ ಬಂದ ಹಾಗೆಲ್ಲ ಅವಳ ಭುಜ ಬಿಗಿಯಿತು. ಆದರೆ ಅವಳು ತಲೆ ತಗ್ಗಿಸಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ. ಬರುತ್ತಿದ್ದ ಕೈಯನ್ನೇ ನೋಡುತ್ತ ಕೂತಳು. ಎಲೆ ಕೂದಲಿಗೆ ಸಿಕ್ಕುಹಾಕಿಕೊಂಡಿತ್ತು. ನರಸಪ್ಪ ಅವಸರ ಮಾಡದೆ ಒಂದೊಂದೇ ಎಳೆ ಬಿಡಿಸಿದ.